ಬೆನ್ನುಹುರಿ ನೋಡಲು ಸಾವಿನವರೆಗೆ ಕಾಯಬೇಕಿದ್ದ ವೈದ್ಯ: ಎಂಎಸ್ ಕಾಯಿಲೆಯ ಗುರುತು ಹಿಡಿದ ಶಾರ್ಕೋ

ನರರೋಗಗಳ ಬಗ್ಗೆ ಓಡಾಡುವ ಫಾರ್ವರ್ಡ್‌ಗಳಲ್ಲಿ ಎರಡು ಮಾತು ಮತ್ತೆ ಮತ್ತೆ ಕಾಣಿಸುತ್ತವೆ. ಒಂದು, ಒಂದು ಸಲ ಎಂಆರ್‌ಐ ಮಾಡಿಸಿದರೆ ಸಾಕು, ಎಲ್ಲವೂ ಗೊತ್ತಾಗಿಬಿಡುತ್ತದೆ. ಇನ್ನೊಂದು, ಬೆನ್ನುಹುರಿಯಲ್ಲಿ ಬಿಳಿ ಕಲೆ ಕಂಡರೆ ಮುಗಿಯಿತು, ಗಾಲಿಕುರ್ಚಿಯೇ ಗತಿ. ಎರಡೂ ಸರಿಯಲ್ಲ. ಏಕೆ ಸರಿಯಲ್ಲ ಎಂದು ನೇರವಾಗಿ ಹೇಳಬಹುದು. ಆದರೆ ಈ ಕಾಯಿಲೆಯ ಗುರುತನ್ನು ಮೊದಲು ಸ್ಪಷ್ಟವಾಗಿ ಹಿಡಿದ ವೈದ್ಯರ ಬದುಕನ್ನು ತಿಳಿದುಕೊಂಡರೆ ಅದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ ಎಂದು ನಮಗೆ ಅನ್ನಿಸಿತು. ಅವರ ಹೆಸರು ಜಾನ್ ಮಾರ್ಟಿನ್ ಶಾರ್ಕೋ. ಊರು ಪ್ಯಾರಿಸ್. ಅವರ ಕಾಲದಲ್ಲಿ ಸ್ಕ್ಯಾನ್ ಇರಲಿ, ಎಕ್ಸ್‌ರೇ ಕೂಡ ಇರಲಿಲ್ಲ.

ಮೊದಲು ಕಾಯಿಲೆಯ ಬಗ್ಗೆ ಎರಡು ಮಾತು

ಮಲ್ಟಿಪಲ್ ಸ್ಕ್ಲೆರೋಸಿಸ್, ಚಿಕ್ಕದಾಗಿ ಎಂಎಸ್. ಕರೆಂಟಿನ ವೈರಿಗೆ ಪ್ಲಾಸ್ಟಿಕ್ ಹೊದಿಕೆ ಇರುವ ಹಾಗೆ ನಮ್ಮ ನರತಂತುಗಳಿಗೂ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇದೆ. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಎಂಎಸ್‌ನಲ್ಲಿ ಆ ಹೊದಿಕೆಯ ಮೇಲೆ ದಾಳಿ ಮಾಡುತ್ತದೆ. ಮಿದುಳು, ಕಣ್ಣಿನ ನರ ಮತ್ತು ಬೆನ್ನುಹುರಿಯಲ್ಲಿ ಅಲ್ಲಲ್ಲಿ ಗಾಯವಾಗಿ, ಆ ಜಾಗ ಗಟ್ಟಿಯಾಗಿ ಕಲೆ ಉಳಿಯುತ್ತದೆ. ಸ್ಕ್ಲೆರೋಸಿಸ್ ಎಂದರೆ ಗಟ್ಟಿಯಾಗುವುದು, ಮಲ್ಟಿಪಲ್ ಎಂದರೆ ಹಲವು. ಸಾಮಾನ್ಯವಾಗಿ 20ರಿಂದ 40 ವರ್ಷದೊಳಗೆ ಶುರುವಾಗುವ ಈ ಕಾಯಿಲೆ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಕೆಲವರಿಗೆ ಕಣ್ಣು ಮಂಜಾಗುತ್ತದೆ, ಕೆಲವರಿಗೆ ಕಾಲು ಜೋಮು ಹಿಡಿಯುತ್ತದೆ, ಕೆಲವರಿಗೆ ನಡಿಗೆ ತಪ್ಪುತ್ತದೆ, ಮೂತ್ರದ ಹಿಡಿತ ಹೋಗುತ್ತದೆ. ಹಲವರಲ್ಲಿ ಅದು ಬರುತ್ತದೆ, ಕಡಿಮೆಯಾಗುತ್ತದೆ, ಮತ್ತೆ ಬರುತ್ತದೆ. ಹೀಗೆ ಬಂದು ಹೋಗುವ ಕಾಯಿಲೆಯನ್ನು ಹಿಡಿಯುವುದು ಹೇಗೆ? ಶಾರ್ಕೋ ಎದುರಿಸಿದ ಪ್ರಶ್ನೆ ಇದೇ.

ಗಾಡಿ ಮಾಡುವವರ ಮಗ

ಶಾರ್ಕೋ ಹುಟ್ಟಿದ್ದು 1825ರ ನವೆಂಬರ್ 29ರಂದು, ಪ್ಯಾರಿಸ್‌ನಲ್ಲಿ. ತಂದೆ ಕುದುರೆಗಾಡಿ ತಯಾರಿಸುವ ಕಸುಬಿನವರು. ಹುಡುಗ ಮಾತು ಕಡಿಮೆ, ಚಿತ್ರ ಬಿಡಿಸುವುದೆಂದರೆ ಪ್ರಾಣ. ಚಿತ್ರಕಾರ ಆಗುವುದೋ ವೈದ್ಯ ಆಗುವುದೋ ಎಂಬ ಗೊಂದಲದಲ್ಲಿದ್ದು, ಕೊನೆಗೆ ವೈದ್ಯಕೀಯಕ್ಕೆ ಸೇರಿದರು. ಚಿತ್ರಕಾರನ ಕಣ್ಣು ಮಾತ್ರ ಅವರನ್ನು ಬಿಡಲಿಲ್ಲ. ರೋಗಿ ಒಳಗೆ ಬರುವ ರೀತಿ, ನಿಲ್ಲುವ ಭಂಗಿ, ಬೆರಳು ನಡುಗುವ ಬಗೆ, ಇವನ್ನೆಲ್ಲ ಅವರು ಚಿತ್ರ ನೋಡುವ ಹಾಗೆ ನೋಡುತ್ತಿದ್ದರು.

1853ರಲ್ಲಿ ಅವರು ಬರೆದ ಡಾಕ್ಟರೇಟ್ ಪ್ರಬಂಧ ಕೀಲುನೋವಿನ ಕಾಯಿಲೆಗಳ ಬಗ್ಗೆ. ಗೌಟ್ ಬೇರೆ, ಇವತ್ತು ನಾವು ರುಮಟಾಯ್ಡ್ ಆರ್ಥ್ರೈಟಿಸ್ ಎನ್ನುವ ಕಾಯಿಲೆ ಬೇರೆ ಎಂದು ಬಿಡಿಸಿ ತೋರಿಸುವ ಪ್ರಯತ್ನ ಅದು. ನೋಡಲು ಒಂದೇ ಥರ ಇರುವ ಎರಡು ಕಾಯಿಲೆಗಳನ್ನು ಬೇರ್ಪಡಿಸುವುದು ಅವರ ಬದುಕಿನುದ್ದಕ್ಕೂ ನಡೆದ ಕೆಲಸ.

ಐದು ಸಾವಿರ ಹೆಂಗಸರ ಆಶ್ರಯ

1862ರಲ್ಲಿ ಶಾರ್ಕೋ ಪ್ಯಾರಿಸ್‌ನ ಸಾಲ್ಪೆಟ್ರಿಯೇರ್‌ಗೆ ಮುಖ್ಯ ವೈದ್ಯರಾಗಿ ಬಂದರು. ಸಿಡಿಮದ್ದಿಗೆ ಬಳಸುವ ಪೆಟ್ಲುಪ್ಪಿನಿಂದ ಆ ಜಾಗಕ್ಕೆ ಆ ಹೆಸರು. ಹಿಂದೆ ಅಲ್ಲಿ ಸಿಡಿಮದ್ದಿನ ಕಾರ್ಖಾನೆ ಇತ್ತು. 17ನೇ ಶತಮಾನದಲ್ಲಿ ಅದು ಬಡ ಹೆಂಗಸರನ್ನು ಇರಿಸುವ ದೊಡ್ಡ ಆಶ್ರಯವಾಯಿತು. ಶಾರ್ಕೋ ಬರುವ ಹೊತ್ತಿಗೆ ಅಲ್ಲಿ ಸುಮಾರು ಐದು ಸಾವಿರ ಮಂದಿ ಇದ್ದರು. ವಯಸ್ಸಾದವರು, ದಿಕ್ಕಿಲ್ಲದವರು, ಮಾನಸಿಕ ಕಾಯಿಲೆಯವರು, ನಡುಗುವವರು, ಎದ್ದು ನಿಲ್ಲಲಾಗದವರು. ಹೆಸರು ಮಾಡಬೇಕೆಂದಿದ್ದ ವೈದ್ಯರಿಗೆ ಅದು ಬೇಡವಾದ ಜಾಗ. ಅಲ್ಲಿದ್ದವರಿಗೆ ವಾಸಿಯಾಗದ ಕಾಯಿಲೆಗಳೇ ಹೆಚ್ಚು.

ಶಾರ್ಕೋಗೆ ಮಾತ್ರ ಅದು ಬೇರೆ ಥರ ಕಂಡಿತು. ಬೇರೆ ಆಸ್ಪತ್ರೆಗಳಲ್ಲಿ ರೋಗಿ ನಾಲ್ಕು ದಿನ ಇದ್ದು ಹೋಗುತ್ತಾರೆ. ಇಲ್ಲಿ ಅದೇ ಜನ ವರ್ಷಗಟ್ಟಲೆ ಇರುತ್ತಾರೆ. ಅವರೂ ಗೆಳೆಯ ವುಲ್ಪಿಯಾನ್ ಅವರೂ ವಾರ್ಡ್ ವಾರ್ಡಿಗೆ ಹೋಗಿ ಒಬ್ಬೊಬ್ಬರನ್ನೂ ಪರೀಕ್ಷಿಸಿ ಟಿಪ್ಪಣಿ ಬರೆದಿಟ್ಟರು. ಆ ರೋಗಿ ತೀರಿಕೊಂಡಾಗ ಶವಪರೀಕ್ಷೆ ಮಾಡಿ ಮಿದುಳು, ಬೆನ್ನುಹುರಿ ಹೊರತೆಗೆದು, ತೆಳ್ಳಗೆ ಕತ್ತರಿಸಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಬದುಕಿದ್ದಾಗ ಕಂಡ ಲಕ್ಷಣಕ್ಕೂ ಸತ್ತ ಮೇಲೆ ಕಂಡ ಗಾಯಕ್ಕೂ ಗಂಟು ಹಾಕುವ ವಿಧಾನ ಇದು. ಕಾಲು ಸೆಟೆದುಕೊಂಡಿತ್ತು, ಬೆನ್ನುಹುರಿಯ ಈ ಭಾಗ ಹಾಳಾಗಿತ್ತು. ಹಾಗಾದರೆ ಈ ಭಾಗದ ಕೆಲಸ ಇದು.

ನಾವು ಇಲ್ಲಿ ಒಂದು ವಿಷಯ ಮರೆಯಬಾರದು. ಈ ಜ್ಞಾನ ಬಂದದ್ದು ಹೋಗಲು ಬೇರೆ ಜಾಗವಿಲ್ಲದ ಬಡ ಹೆಂಗಸರ ದೇಹಗಳಿಂದ. ಅವರ ಒಪ್ಪಿಗೆ ಕೇಳುವ ಪದ್ಧತಿ ಆಗ ಇರಲಿಲ್ಲ.

ಎರಡು ನಡುಕ, ಎರಡು ಕಾಯಿಲೆ

ಬೆನ್ನುಹುರಿಯ ಮೇಲೆ ಇಂಥ ಕಲೆಗಳಿರುವುದನ್ನು ಮೊದಲು ಕಂಡವರು ಶಾರ್ಕೋ ಅಲ್ಲ. ಬ್ರಿಟನ್ನಿನ ರಾಬರ್ಟ್ ಕಾರ್ಸ್‌ವೆಲ್, ಫ್ರಾನ್ಸಿನ ಜಾನ್ ಕ್ರೂವೇಲಿಯೇ ಇಬ್ಬರೂ ಅದಕ್ಕೆ ದಶಕಗಳ ಹಿಂದೆಯೇ ಅವುಗಳ ಚಿತ್ರ ಪ್ರಕಟಿಸಿದ್ದರು. ಆದರೆ ಆ ಕಲೆಗಳಿಗೆ ಒಂದು ನಿಶ್ಚಿತ ಕಾಯಿಲೆಯ ಚೌಕಟ್ಟು ಸಿಕ್ಕಿರಲಿಲ್ಲ. ನಡುಗುವವರನ್ನೆಲ್ಲ ಒಂದೇ ಗುಂಪಿಗೆ ಹಾಕುವುದು ರೂಢಿಯಾಗಿತ್ತು.

ಶಾರ್ಕೋ ನಡುಕವನ್ನೇ ಗಮನವಿಟ್ಟು ನೋಡಿದರು. ಕೆಲವರ ಕೈ ಸುಮ್ಮನೆ ತೊಡೆಯ ಮೇಲಿಟ್ಟಾಗ ನಡುಗುತ್ತದೆ. ಅದು ಪಾರ್ಕಿನ್ಸನ್ ವಿವರಿಸಿದ್ದ ಕಾಯಿಲೆ. ಅದಕ್ಕೆ ಪಾರ್ಕಿನ್ಸನ್ ಅವರ ಹೆಸರನ್ನೇ ಬಳಕೆಗೆ ತಂದವರು ಶಾರ್ಕೋ. ಇನ್ನು ಕೆಲವರ ಕೈ ಸುಮ್ಮನಿದ್ದಾಗ ಸರಿಯಾಗಿಯೇ ಇರುತ್ತದೆ. ನೀರಿನ ಲೋಟ ಎತ್ತಿ ಬಾಯಿಯ ಹತ್ತಿರ ತರುವಾಗ ನಡುಕ ಶುರುವಾಗಿ ಹೆಚ್ಚುತ್ತ ಹೋಗುತ್ತದೆ, ನೀರು ಚೆಲ್ಲುತ್ತದೆ. ಇದೇ ಎಂಎಸ್. ಪಾಠ ಕೇಳಲು ಬಂದವರಿಗೆ ಈ ವ್ಯತ್ಯಾಸ ದೂರದಿಂದಲೂ ಕಾಣಲೆಂದು ರೋಗಿಗಳ ತಲೆಗೆ ಉದ್ದ ಗರಿಯ ಟೋಪಿ ಹಾಕಿಸುತ್ತಿದ್ದರು. ಗರಿ ಅದುರುವ ರೀತಿಯಲ್ಲೇ ಕಾಯಿಲೆ ಬೇರೆಯಾಗಿ ಕಾಣುತ್ತಿತ್ತು.

1868ರ ಪಾಠಗಳಲ್ಲಿ ಅವರು ಈ ಕಾಯಿಲೆಯನ್ನು ಪೂರ್ತಿಯಾಗಿ ವಿವರಿಸಿದರು. ಮೂರು ಲಕ್ಷಣ ಒಟ್ಟಿಗೆ ಕಂಡರೆ ಅನುಮಾನ ಪಡಿ ಎಂದು ಹೇಳಿಕೊಟ್ಟರು: ಕೆಲಸ ಮಾಡುವಾಗ ಬರುವ ನಡುಕ, ತಮ್ಮಷ್ಟಕ್ಕೆ ಅದುರುವ ಕಣ್ಣುಗುಡ್ಡೆ, ಪದವನ್ನು ತುಂಡು ತುಂಡಾಗಿ ಎಳೆಯುವ ಮಾತು. ಈ ಮೂರೂ ಇರಲೇಬೇಕೆಂದಿಲ್ಲ ಎಂದು ಇವತ್ತು ಗೊತ್ತು. ಕಾಯಿಲೆಯ ಹಾನಿ ಕೆಲವರಲ್ಲಿ ಮಿದುಳಿನಲ್ಲಿ, ಕೆಲವರಲ್ಲಿ ಬೆನ್ನುಹುರಿಯಲ್ಲಿ, ಹಲವರಲ್ಲಿ ಎರಡರಲ್ಲೂ ಇರುತ್ತದೆ ಎಂದೂ ಅವರು ವಿಂಗಡಿಸಿದರು. ಸೂಕ್ಷ್ಮದರ್ಶಕದಲ್ಲಿ ಅವರು ಕಂಡ ಮುಖ್ಯ ಸಂಗತಿ ಏನೆಂದರೆ, ಕಲೆಯ ಜಾಗದಲ್ಲಿ ಮಯಲಿನ್ ಹೊದಿಕೆ ಹೋಗಿದ್ದರೂ ಒಳಗಿನ ನರತಂತು ಎಷ್ಟೋ ಕಡೆ ಉಳಿದಿತ್ತು. ವೈರಿನ ಪ್ಲಾಸ್ಟಿಕ್ ಸುಲಿದಿದೆ, ತಂತಿ ಇನ್ನೂ ಇದೆ.

ತಟ್ಟೆ ಒಡೆಯುತ್ತಿದ್ದ ಕೆಲಸದಾಕೆ

ಶಾರ್ಕೋ ಬಗ್ಗೆ ಹೇಳುವ ಒಂದು ಪ್ರಸಂಗ ಸಿಗ್ಮಂಡ್ ಫ್ರಾಯ್ಡ್ ಅವರ ಬರಹದಿಂದ ಬಂದದ್ದು. ಮನೋವಿಶ್ಲೇಷಣೆಗೆ ಹೆಸರಾದ ಫ್ರಾಯ್ಡ್ 1885ರ ಅಕ್ಟೋಬರ್‌ನಿಂದ ಕೆಲವು ತಿಂಗಳು ಶಾರ್ಕೋ ಬಳಿ ಕಲಿತವರು. ಗುರು ತೀರಿಕೊಂಡಾಗ ಬರೆದ ನೆನಪಿನ ಲೇಖನದಲ್ಲಿ ಅವರು ಇದನ್ನು ದಾಖಲಿಸಿದ್ದಾರೆ.

ಶಾರ್ಕೋ ಮನೆಯಲ್ಲಿ ಒಬ್ಬ ಕೆಲಸದಾಕೆ ಇದ್ದರು. ವಿಚಿತ್ರವಾದ ನಡುಕದಿಂದ ಆಕೆಗೆ ಬೇರೆಲ್ಲೂ ಕೆಲಸ ಸಿಗುತ್ತಿರಲಿಲ್ಲ. ಕೈಗೆ ಕೊಟ್ಟ ತಟ್ಟೆ ಬಟ್ಟಲು ಒಡೆಯುತ್ತಲೇ ಇದ್ದವು. ಶಾರ್ಕೋ ಆಕೆಯನ್ನು ಬಿಡಿಸಲಿಲ್ಲ. ವರ್ಷಗಳ ಕಾಲ ಪಾತ್ರೆಗಳ ಖರ್ಚು ಸಹಿಸಿಕೊಂಡು, ನಡುಕ ಹೇಗೆ ಬದಲಾಗುತ್ತದೆ ಎಂದು ನೋಡುತ್ತ ಬಂದರು. ಆಕೆ ತೀರಿಕೊಂಡ ಮೇಲೆ ಶವಪರೀಕ್ಷೆಯಲ್ಲಿ ಕಂಡದ್ದು ಎಂಎಸ್ ಕಲೆಗಳು. ಅಲ್ಲಿಯವರೆಗೆ ಕಾರಣವೇ ಗೊತ್ತಿಲ್ಲದಿದ್ದ ಒಂದು ನಡುಕದ ಬೇರು ಹೀಗೆ ಸಿಕ್ಕಿತು. ಆಕೆಯ ಹೆಸರು ಮಾತ್ರ ಆ ಲೇಖನದಲ್ಲಿಲ್ಲ.

ಇದರಲ್ಲಿ ಕರುಣೆ ಎಷ್ಟು, ಕುತೂಹಲ ಎಷ್ಟು ಎಂದು ನಾವು ಅಳೆಯಲಾರೆವು. ಆದರೆ ಆ ಕಾಲದ ಮಿತಿ ಇಲ್ಲಿ ಕಣ್ಣಿಗೆ ಕಟ್ಟುತ್ತದೆ. ಕಾಯಿಲೆ ಹೊರಗೆ ಹೇಗೆ ಬದಲಾಯಿತು ಎಂದು ಶಾರ್ಕೋ ವರ್ಷಗಟ್ಟಲೆ ನೋಡಬಹುದಿತ್ತು. ಒಳಗೆ ಏನಾಯಿತು ಎಂದು ನೋಡಲು ಸಿಗುತ್ತಿದ್ದದ್ದು ಒಂದೇ ಒಂದು ಸಲ, ಅದೂ ಎಲ್ಲ ಮುಗಿದ ಮೇಲೆ. ಬೆನ್ನುಹುರಿಯಲ್ಲಿ ಹತ್ತು ಕಲೆ ಕಂಡರೆ ಮೊದಲ ಸಲ ಕಾಲು ಜೋಮು ಹಿಡಿದಾಗ ಇದ್ದದ್ದು ಯಾವುದು, ಕೊನೆಯ ವರ್ಷ ಬಂದದ್ದು ಯಾವುದು? ಕಲೆಯ ಅಂಚಿನಿಂದ ನಡುವಿಗೆ ಹೋದಂತೆ ಹಾನಿ ಹೆಚ್ಚುವುದನ್ನು ಅವರು ಗಮನಿಸಿದ್ದರು. ಆದರೆ ಅವುಗಳಿಗೆ ತಾರೀಕು ಹಾಕಲು ದಾರಿ ಇರಲಿಲ್ಲ. ಸಿನಿಮಾದ ಕೊನೆಯ ದೃಶ್ಯ ಮಾತ್ರ ನೋಡಿ ಕತೆ ಊಹಿಸುವಂಥ ಸ್ಥಿತಿ ಅದು.

ಕೀರ್ತಿ, ಮತ್ತು ಎಡವಿದ ಜಾಗ

ಮುಂದಿನ ವರ್ಷಗಳಲ್ಲಿ ಶಾರ್ಕೋ ಯುರೋಪಿನಾದ್ಯಂತ ಹೆಸರಾದರು. ಮಾಂಸಖಂಡ ಕರಗಿಸುವ ಎಎಲ್‌ಎಸ್ ಕಾಯಿಲೆಯನ್ನು ವಿವರಿಸಿದರು. ಫ್ರಾನ್ಸ್‌ನಲ್ಲಿ ಅದಕ್ಕೆ ಇವತ್ತಿಗೂ ಶಾರ್ಕೋ ಕಾಯಿಲೆ ಎಂದೇ ಹೆಸರು. 1882ರಲ್ಲಿ ಅವರಿಗಾಗಿ ನರಮಂಡಲದ ಕಾಯಿಲೆಗಳ ಪ್ರಾಧ್ಯಾಪಕ ಪೀಠವನ್ನೇ ಸ್ಥಾಪಿಸಲಾಯಿತು. ಬಾಬಿನ್ಸ್ಕಿ, ಪಿಯೇರ್ ಮರಿ, ಜಿಲ್ ದ ಲಾ ಟುರೆಟ್ ಅವರ ಶಿಷ್ಯರು.

ಅವರು ಎಡವಿದ್ದು ಹಿಸ್ಟೀರಿಯಾ ವಿಷಯದಲ್ಲಿ. ಬೆನ್ನುಹುರಿಯಲ್ಲೋ ಮಿದುಳಿನಲ್ಲೋ ಯಾವ ಗಾಯವೂ ಕಾಣದ, ಆದರೆ ಕೈಕಾಲು ಬಿದ್ದುಹೋದ ರೋಗಿಗಳನ್ನು ಅವರು ಹೆಚ್ಚು ಹೆಚ್ಚು ಅಧ್ಯಯನ ಮಾಡತೊಡಗಿದರು. ಹಿಪ್ನಾಟಿಸಂ ಮಾಡಿ ಜನರ ಮುಂದೆ ತೋರಿಸಿದರು. ಹಿಪ್ನಾಟಿಸಂಗೆ ಒಳಗಾಗುವುದೇ ಹಿಸ್ಟೀರಿಯಾದ ಗುರುತು ಎಂದು ನಂಬಿದರು. ನಾನ್ಸಿ ಊರಿನ ಬರ್ನ್‌ಹೈಮ್ ಅದು ತಪ್ಪು, ಸೂಚನೆ ಕೊಟ್ಟರೆ ಆರೋಗ್ಯವಂತರೂ ಹಾಗೆ ಮಾಡುತ್ತಾರೆ ಎಂದು ವಾದಿಸಿದರು. ಕಾಲ ಬರ್ನ್‌ಹೈಮ್ ಕಡೆ ನಿಂತಿತು. ಶಾರ್ಕೋ ತೀರಿಕೊಂಡ ಮೇಲೆ ಅವರ ಶಿಷ್ಯ ಬಾಬಿನ್ಸ್ಕಿಯೇ ಗುರುವಿನ ಸಿದ್ಧಾಂತವನ್ನು ಬದಿಗಿಟ್ಟರು.

ನಮ್ಮ ವಿಷಯಕ್ಕೂ ಇದಕ್ಕೂ ಸಂಬಂಧ ಇದೆ. ನಡುಕದ ವಿಷಯದಲ್ಲಿ ಶಾರ್ಕೋ ಕಂಡದ್ದನ್ನು ಬೆನ್ನುಹುರಿ ಪರೀಕ್ಷಿಸುತ್ತಿತ್ತು, ತಪ್ಪಿದ್ದರೆ ತಿದ್ದುತ್ತಿತ್ತು. ಹಿಸ್ಟೀರಿಯಾದಲ್ಲಿ ತಿದ್ದಲು ಏನೂ ಇರಲಿಲ್ಲ. ಮುಂದೆಯೂ ಸ್ಕ್ಯಾನ್ ಬರುವವರೆಗೆ, ಬಂದು ಹೋಗುವ ಲಕ್ಷಣಗಳಿದ್ದ ಎಷ್ಟೋ ಎಂಎಸ್ ರೋಗಿಗಳಿಗೆ, ಅದರಲ್ಲೂ ಹೆಂಗಸರಿಗೆ, ಇದು ಹಿಸ್ಟೀರಿಯಾ ಎಂಬ ಹಣೆಪಟ್ಟಿ ಬಿತ್ತು.

1893ರ ಆಗಸ್ಟ್ 16ರಂದು, ರಜೆಗೆಂದು ಫ್ರಾನ್ಸಿನ ಮೊರ್ವಾನ್ ಪ್ರದೇಶಕ್ಕೆ ಹೋಗಿದ್ದಾಗ ಶಾರ್ಕೋ ತೀರಿಕೊಂಡರು. ವಯಸ್ಸು 67. ಎರಡು ವರ್ಷದ ನಂತರ, 1895ರ ನವೆಂಬರ್‌ನಲ್ಲಿ ಜರ್ಮನಿಯ ರಾಂಟ್ಜೆನ್ ಎಕ್ಸ್‌ರೇ ಕಂಡುಹಿಡಿದರು. ಅದನ್ನು ನೋಡಿದ್ದರೂ ಶಾರ್ಕೋಗೆ ನಿರಾಸೆಯೇ ಆಗುತ್ತಿತ್ತು. ಎಕ್ಸ್‌ರೇಯಲ್ಲಿ ಬೆನ್ನುಮೂಳೆ ಕಾಣುತ್ತದೆ, ಒಳಗಿನ ಹುರಿ ಕಾಣುವುದಿಲ್ಲ.

ಬದುಕಿರುವವರ ಬೆನ್ನುಹುರಿ ಕಂಡದ್ದು ಹೇಗೆ

ಆ ಬಾಗಿಲು ತೆರೆದದ್ದು ಎಂಆರ್‌ಐ. ಅದು ವಿಕಿರಣ ಬಳಸುವುದಿಲ್ಲ. ಬಲವಾದ ಅಯಸ್ಕಾಂತ ಮತ್ತು ರೇಡಿಯೋ ಅಲೆಗಳ ನೆರವಿನಿಂದ, ದೇಹದ ನೀರಿನಲ್ಲಿರುವ ಹೈಡ್ರೋಜನ್ ಕೊಡುವ ಸಂಕೇತವನ್ನು ಚಿತ್ರ ಮಾಡುತ್ತದೆ. 1981ರಲ್ಲಿ ಲಂಡನ್‌ನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ತಂಡ ಎಂಎಸ್ ರೋಗಿಗಳ ಮಿದುಳಿನ ಎಂಆರ್‌ಐ ಚಿತ್ರಗಳನ್ನು ಪ್ರಕಟಿಸಿತು. ಶಾರ್ಕೋ ಸತ್ತವರಲ್ಲಿ ಕಂಡ ಕಲೆಗಳು ಬದುಕಿರುವವರಲ್ಲಿ ಕಂಡವು.

ಆದರೆ ಒಂದು ಒಗಟು ಉಳಿಯಿತು. ಮಿದುಳಿನಲ್ಲಿ ತುಂಬಾ ಕಲೆ ಇದ್ದವರು ಕೆಲವರು ಆರಾಮಾಗಿ ಓಡಾಡುತ್ತಿದ್ದರು. ಕಡಿಮೆ ಕಲೆ ಇದ್ದವರು ಕೋಲು ಹಿಡಿದಿದ್ದರು. ಉತ್ತರದ ಒಂದು ದೊಡ್ಡ ಪಾಲು ಬೆನ್ನುಹುರಿಯಲ್ಲಿತ್ತು. ಮಿದುಳು ದೊಡ್ಡ ಪಟ್ಟಣದ ಹಾಗೆ. ಒಂದು ಬೀದಿ ಮುಚ್ಚಿದರೆ ಇನ್ನೊಂದರಲ್ಲಿ ಹೋಗಬಹುದು. ಬೆನ್ನುಹುರಿ ಘಾಟಿ ರಸ್ತೆಯ ಹಾಗೆ. ಕೈ, ಕಾಲು, ಮೂತ್ರಕೋಶಕ್ಕೆ ಹೋಗುವ ಸಂದೇಶಗಳೆಲ್ಲ ಆ ಒಂದೇ ಇಕ್ಕಟ್ಟಿನ ದಾರಿಯಲ್ಲಿ ಹೋಗಬೇಕು. ಅಲ್ಲಿ ಸಣ್ಣ ಕುಸಿತವೂ ದೊಡ್ಡ ತೊಂದರೆ.

ಅದರ ಚಿತ್ರ ತೆಗೆಯುವುದು ಸುಲಭವಲ್ಲ. ಕತ್ತಿನ ಭಾಗದಲ್ಲೂ ಬೆನ್ನುಹುರಿಯ ಅಗಲ ಒಂದೂವರೆ ಸೆಂಟಿಮೀಟರ್ ದಾಟುವುದಿಲ್ಲ. ಸುತ್ತ ಮೂಳೆ. ಉಸಿರಾಡಿದರೆ, ಎಂಜಲು ನುಂಗಿದರೆ, ಎದೆ ಬಡಿದರೆ ಚಿತ್ರ ಕದಲುತ್ತದೆ. ಆದ್ದರಿಂದ ಉದ್ದಕ್ಕೆ ಸೀಳಿದಂತೆಯೂ ಸೌತೆಕಾಯಿ ಬಿಲ್ಲೆ ಹೆಚ್ಚಿದಂತೆ ಅಡ್ಡಕ್ಕೂ ಚಿತ್ರ ತೆಗೆದು ಎರಡನ್ನೂ ಹೋಲಿಸಿ ನೋಡುತ್ತಾರೆ. ಎಂಎಸ್ ಕಲೆ ಸಾಮಾನ್ಯವಾಗಿ ಚಿಕ್ಕದು, ಎರಡು ಬೆನ್ನೆಲುಬುಗಳ ಉದ್ದಕ್ಕಿಂತ ಕಡಿಮೆ. ಹುರಿಯ ಅಂಚಿನಲ್ಲಿ, ಹೆಚ್ಚಾಗಿ ಕತ್ತಿನ ಭಾಗದಲ್ಲಿ ಇರುತ್ತದೆ.

ಕಾಲಕ್ರಮದಲ್ಲಿ ಕಾಯಿಲೆ ಎತ್ತ ಸಾಗುತ್ತಿದೆ ಎಂದು ತಿಳಿಯಲು ವೈದ್ಯರು ಮುಖ್ಯವಾಗಿ ಎರಡು ವಿಷಯ ನೋಡುತ್ತಾರೆ. ಮೊದಲನೆಯದು, ಹಿಂದಿನ ಸ್ಕ್ಯಾನ್‌ನಲ್ಲಿ ಇಲ್ಲದ ಹೊಸ ಕಲೆ ಬಂದಿದೆಯೇ? ರೋಗಿಗೆ ಏನೂ ಗೊತ್ತಾಗದೆಯೂ ಹೊಸ ಕಲೆ ಹುಟ್ಟಬಹುದು. ಎರಡನೆಯದು, ಹುರಿ ಸಣಕಲಾಗುತ್ತಿದೆಯೇ? ನರತಂತುಗಳು ನಾಶವಾದಂತೆ ಹುರಿ ಸಣ್ಣಗಾಗುತ್ತದೆ. 1996ರಲ್ಲಿ ಲಂಡನ್‌ನ ಸಂಶೋಧಕರು ಕತ್ತಿನ ಮೇಲ್ಭಾಗದಲ್ಲಿ ಹುರಿಯ ಅಡ್ಡ ವಿಸ್ತೀರ್ಣ ಅಳೆಯುವ ಒಂದು ವಿಧಾನ ತೋರಿಸಿದರು. ಅಂಗವೈಕಲ್ಯ ಹೆಚ್ಚಿದವರಲ್ಲಿ ಹುರಿ ಹೆಚ್ಚು ಸಣಕಲಾಗಿತ್ತು. ನಂತರದ ಅಧ್ಯಯನಗಳ ಪ್ರಕಾರ ಎಂಎಸ್‌ನಲ್ಲಿ ಈ ವಿಸ್ತೀರ್ಣ ಸರಾಸರಿ ವರ್ಷಕ್ಕೆ ಶೇಕಡಾ 1ರಿಂದ 2ರಷ್ಟು ಇಳಿಯುತ್ತದೆ.

ಈ ಅಂಕಿಯನ್ನು ಸ್ವಲ್ಪ ಬಿಡಿಸಿ ನೋಡೋಣ. ಕತ್ತಿನ ಮೇಲ್ಭಾಗದಲ್ಲಿ ಹುರಿಯ ವಿಸ್ತೀರ್ಣ ಸುಮಾರು 80 ಚದರ ಮಿಲಿಮೀಟರ್, ಹೆಚ್ಚುಕಡಿಮೆ ಕಿರುಬೆರಳಿನ ಉಗುರಿನಷ್ಟು. ಅದರಲ್ಲಿ ಶೇಕಡಾ 2 ಎಂದರೆ ಒಂದೂವರೆ ಚದರ ಮಿಲಿಮೀಟರ್‌ಗಿಂತ ತುಸು ಹೆಚ್ಚು. ಸ್ಕ್ಯಾನರ್ ಬದಲಾದರೆ, ಕತ್ತು ತುಸು ವಾಲಿದರೆ ಅಷ್ಟು ವ್ಯತ್ಯಾಸ ಸುಮ್ಮನೆ ಬಂದುಬಿಡುತ್ತದೆ. ಆದ್ದರಿಂದ ಈ ಅಳತೆ ಇವತ್ತಿಗೂ ಹೆಚ್ಚಾಗಿ ಸಂಶೋಧನೆಯಲ್ಲಿ ಬಳಕೆಯಲ್ಲಿದೆ. ಒಬ್ಬ ರೋಗಿಯ ಒಂದು ವರ್ಷದ ಅಳತೆ ನೋಡಿ ತೀರ್ಪು ಕೊಡುವುದು ಸರಿಯಲ್ಲ.

ಹಾಗಾದರೆ ಆ ಫಾರ್ವರ್ಡ್‌ಗಳು?

ಒಂದೇ ಎಂಆರ್‌ಐನಿಂದ ಎಲ್ಲ ಗೊತ್ತಾಗುತ್ತದೆ ಎಂಬುದು ತಪ್ಪು. ಎಂಎಸ್ ಎಂದು ಹೇಳಲು ಹಾನಿ ಬೇರೆ ಬೇರೆ ಜಾಗದಲ್ಲಿ, ಬೇರೆ ಬೇರೆ ಕಾಲದಲ್ಲಿ ಆಗಿದೆಯೇ ಎಂದು ನೋಡುವುದು ಬಹುಕಾಲದಿಂದ ಬಂದ ತತ್ವ. ಬೆನ್ನುನೀರಿನ ಪರೀಕ್ಷೆಯೂ ಬೇಕಾಗಬಹುದು.

ಬೆನ್ನುಹುರಿಯಲ್ಲಿ ಬಿಳಿ ಕಲೆ ಇದ್ದರೆ ಎಂಎಸ್ ಎಂಬುದೂ ತಪ್ಪು. ಬಿ12 ಕೊರತೆಯಲ್ಲೂ ಹುರಿಯಲ್ಲಿ ಬದಲಾವಣೆ ಕಾಣುತ್ತದೆ. ಡಿಸ್ಕ್ ಒತ್ತಿದರೂ ಕಾಣಬಹುದು. ಕಲೆ ಮೂರು ಅಥವಾ ಹೆಚ್ಚು ಬೆನ್ನೆಲುಬುಗಳಷ್ಟು ಉದ್ದ ಇದ್ದರೆ ನ್ಯೂರೋಮೈಲೈಟಿಸ್ ಆಪ್ಟಿಕಾ ಎಂಬ ಬೇರೆ ಕಾಯಿಲೆಯನ್ನೂ ಯೋಚಿಸುತ್ತಾರೆ. ಇವುಗಳ ಚಿಕಿತ್ಸೆಯೇ ಬೇರೆ.

ಕಲೆ ಬಂದರೆ ಗಾಲಿಕುರ್ಚಿಯೇ ಎಂಬುದೂ ಸರಿಯಲ್ಲ. ಹುರಿಯಲ್ಲಿ ಕಲೆ ಇರುವುದು ಎಚ್ಚರಿಕೆಯ ಗಂಟೆ ನಿಜ. ಮುಂದೆ ತೊಂದರೆ ಹೆಚ್ಚುವ ಸಾಧ್ಯತೆಯನ್ನು ಅದು ಸೂಚಿಸುತ್ತದೆ. ಆದರೆ ಶಾರ್ಕೋ ಕಾಲದಲ್ಲಿ ಇಲ್ಲದ, ಹೊಸ ದಾಳಿಗಳನ್ನು ತಗ್ಗಿಸುವ ಔಷಧಿಗಳು ಇಂದು ಇವೆ. ಆ ಗಂಟೆ ಬೇಗ ಕೇಳಿಸಿದರೆ ಚಿಕಿತ್ಸೆಯೂ ಬೇಗ ಶುರುವಾಗುತ್ತದೆ.

ಹಾಗೆಂದು ಎಲ್ಲರೂ ಪ್ರತಿವರ್ಷ ಪೂರ್ತಿ ಬೆನ್ನುಹುರಿಯ ಸ್ಕ್ಯಾನ್ ಮಾಡಿಸಬೇಕೇ? ಬೇಡ. 2021ರ ಅಂತಾರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ನಿಯಮಿತ ನಿಗಾಕ್ಕೆ ಮಿದುಳಿನ ಎಂಆರ್‌ಐ ಮುಖ್ಯ. ಬೆನ್ನುಹುರಿಯ ಸ್ಕ್ಯಾನ್ ಕಾಯಿಲೆ ಪತ್ತೆಯ ಹಂತದಲ್ಲಿ, ಮತ್ತು ಲಕ್ಷಣಗಳು ಹುರಿಯ ಕಡೆ ಬೆರಳು ತೋರಿಸಿದಾಗ ಬೇಕಾಗುತ್ತದೆ. ಗ್ಯಾಡೋಲಿನಿಯಂ ಚುಚ್ಚುಮದ್ದು ಕೂಡ ಪ್ರತಿಸಲವೂ ಬೇಕಿಲ್ಲ.

ಎಂಎಸ್ ಇರುವವರು, ಅವರ ಮನೆಯವರು ಮಾಡಬಹುದಾದದ್ದು ಸರಳ. ಹಳೆಯ ಸ್ಕ್ಯಾನ್‌ಗಳ ಸಿಡಿ, ಫಿಲ್ಮ್, ರಿಪೋರ್ಟ್ ಎಸೆಯಬೇಡಿ. ಹೋಲಿಸಲು ಅವೇ ಆಧಾರ. ಸಾಧ್ಯವಾದರೆ ಒಂದೇ ಕಡೆ, ಒಂದೇ ಬಗೆಯಲ್ಲಿ ಸ್ಕ್ಯಾನ್ ಮಾಡಿಸಿ. ಯಾವ ತಿಂಗಳು ಏನು ತೊಂದರೆ ಬಂತು, ಎಷ್ಟು ದಿನ ಇತ್ತು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಔಷಧಿ ಬದಲಿಸುವುದು, ನಿಲ್ಲಿಸುವುದು ನಿಮ್ಮ ನರರೋಗ ತಜ್ಞರ ಜೊತೆ ಮಾತಾಡಿಯೇ ಆಗಬೇಕು.

ಶಾರ್ಕೋ ಬಳಿ ವರ್ಷಗಳ ಟಿಪ್ಪಣಿ ಇತ್ತು, ಒಳಗಿನ ಚಿತ್ರ ಇರಲಿಲ್ಲ. ಇವತ್ತು ಚಿತ್ರ ಅರ್ಧ ಗಂಟೆಯಲ್ಲಿ ಬರುತ್ತದೆ, ಟಿಪ್ಪಣಿ ಇಡುವ ತಾಳ್ಮೆ ಕಡಿಮೆಯಾಗಿದೆ. ಎರಡೂ ಸೇರಿದರೆ ಮಾತ್ರ ಕಾಯಿಲೆಯ ದಾರಿ ಕಾಣುತ್ತದೆ. ನಿಮ್ಮ ಮನೆಯಲ್ಲಿ ಯಾರ ಕೈಯಿಂದಲಾದರೂ ಪದೇ ಪದೇ ಲೋಟ ಜಾರುತ್ತಿದ್ದರೆ, ಕಾಲು ಎಡವುತ್ತಿದ್ದರೆ, ಅಜಾಗರೂಕತೆ ಎಂದು ಬೈಯುವ ಮೊದಲು ಒಮ್ಮೆ ವೈದ್ಯರಿಗೆ ತೋರಿಸಿ. ಆ ಹೆಸರಿಲ್ಲದ ಕೆಲಸದಾಕೆಯ ಕಾಯಿಲೆ ಗೊತ್ತಾಗಲು ಆಕೆ ಸಾಯಬೇಕಾಯಿತು. ಇವತ್ತು ಯಾರೂ ಅಷ್ಟು ಕಾಯಬೇಕಿಲ್ಲ. ಫಾರ್ವರ್ಡ್ ಮಾಡುವುದಿದ್ದರೆ ಈ ಮಾತನ್ನು ಮಾಡಿ.